ಕಂಟ್ರೋಲು ಅಂದರೆ ಏನು ಸ್ವಾಮಿ?

ಕೇರಿಗೆ ಬೆಂಕಿ ಬಿದ್ದ ಮಾರನೆಯ ದಿನ ಪೇಪರಿನಲ್ಲಿ ಒಂದು ಸಾಲು ಬರುತ್ತದೆ: ‘ಪರಿಸ್ಥಿತಿ ಹತೋಟಿಯಲ್ಲಿದೆ.’ ಊರು ಬೇರೆ ಇರಬಹುದು, ಜಿಲ್ಲೆ ಬೇರೆ ಇರಬಹುದು, ಸತ್ತವರ ಸಂಖ್ಯೆ ಬೇರೆ ಇರಬಹುದು. ಈ ಸಾಲು ಮಾತ್ರ ಬದಲಾಗುವುದಿಲ್ಲ. ಸಾಹೇಬರು ಜೀಪಿನಿಂದ ಇಳಿದು ಇಂಗ್ಲಿಷಿನಲ್ಲಿ ‘ಅಂಡರ್ ಕಂಟ್ರೋಲ್’ ಅನ್ನುತ್ತಾರೆ. ವರದಿಗಾರ ಅದನ್ನು ಕನ್ನಡ ಮಾಡುತ್ತಾನೆ. ನಾವು ಟೀ ಅಂಗಡಿಯಲ್ಲಿ ಕೂತು ಓದುತ್ತೇವೆ. ಆ ಅಂಗಡಿಯಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದರೆ ಅದೂ ಹತೋಟಿಯಲ್ಲೇ ಇರುತ್ತದೆ.

ಹತೋಟಿಯಲ್ಲಿರುವವರು ಯಾರು? ಸುಟ್ಟವರೋ, ಸುಟ್ಟುಹೋದವರೋ?

2000ದ ಮಾರ್ಚ್ 11ರಂದು, ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಪೊಲೀಸು ಬಂತು, ಕಾರುಗಳು ಬಂದವು, ಭಾಷಣಗಳು ಆದವು. ಆರು ವರ್ಷ ಕಳೆದ ಮೇಲೆ, 2006ರಲ್ಲಿ, ಕೆಳಗಿನ ಕೋರ್ಟು ಆರೋಪಿಗಳನ್ನೆಲ್ಲ ಬಿಟ್ಟುಕಳಿಸಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟು ಅದೇ ತೀರ್ಪನ್ನು ಎತ್ತಿಹಿಡಿಯಿತು. ಏಳು ಹೆಣ ಬಿದ್ದದ್ದು ನಿಜ, ಕೊಂದವನು ಒಬ್ಬನೂ ಇಲ್ಲ! ಸಾಕ್ಷಿ ಹೇಳಬೇಕಾದವರು ಅದೇ ಊರಿನಲ್ಲಿ ಬಾಳಬೇಕು, ಅವರ ಹೊಲದಲ್ಲೇ ಕೂಲಿ ಮಾಡಬೇಕು, ಅವರ ಅಂಗಡಿಯಲ್ಲೇ ಉಪ್ಪು ಕೊಳ್ಳಬೇಕು. ಅಂಥವರ ನಾಲಿಗೆ ಯಾಕೆ ತಿರುಗಿತು ಅಂತ ಕೇಳಲು ದೊಡ್ಡ ವಿದ್ವತ್ತೇನೂ ಬೇಡ. ಪೇಪರಿನವರು ಬರೆಯುವುದು ಸುಳ್ಳಲ್ಲ ಗೆಳೆಯರೆ. ಪರಿಸ್ಥಿತಿ ನಿಜಕ್ಕೂ ಹತೋಟಿಯಲ್ಲೇ ಇರುತ್ತದೆ.

ಹಾಗಾದರೆ ಈ ಕಂಟ್ರೋಲು ಅನ್ನೋ ಮಾತನ್ನೇ ಒಂದು ಸಲ ಹಿಡಿದು ನಿಲ್ಲಿಸಿ ಕೇಳೋಣ: ನೀನು ಯಾರ ಕಡೆಯವನು?

*

ಈ ಮಾತು ಹಟ್ಟಿಗೆ ಬಂದು ಬಹಳ ಕಾಲ ಆಯ್ತು. ಇಂಗ್ಲಿಷಿನ ಎ ಬಿ ಸಿ ಕಾಣದ ನಮ್ಮ ತಾತಂದಿರ ಬಾಯಲ್ಲೂ ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದವಸಕ್ಕೆ, ಬಟ್ಟೆಗೆ, ಸೀಮೆಎಣ್ಣೆಗೆ ಸರ್ಕಾರ ಅಳತೆ ಹಾಕಿತಲ್ಲ, ಆವಾಗ ‘ಕಂಟ್ರೋಲ್ ಅಕ್ಕಿ’, ‘ಕಂಟ್ರೋಲ್ ಬಟ್ಟೆ’, ‘ಕಂಟ್ರೋಲ್ ರೇಟು’ ಅನ್ನೋ ಮಾತುಗಳು ಹಳ್ಳಿ ಹಳ್ಳಿಗೂ ಬಂದವು. ಕಂಟ್ರೋಲು ಅಂದರೆ ಕಲ್ಲು ಬೆರೆತ ಅಕ್ಕಿ, ಉದ್ದನೆಯ ಸಾಲು, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಕಾರ್ಡು. ಹಿಂಬಾಗಿಲಿನಿಂದ ಅದೇ ಅಕ್ಕಿ ಕಾಳಸಂತೆಗೆ ಹೋಗುತ್ತಿತ್ತು. ಮುಂಬಾಗಿಲಿನಲ್ಲಿ ನಿಂತವರು ಮಾತ್ರ ಕಂಟ್ರೋಲಿನಲ್ಲಿದ್ದರು.

ಆಮೇಲೆ ‘ಬರ್ತ್ ಕಂಟ್ರೋಲು’ ಬಂತು. 1975ರಿಂದ 77ರ ತುರ್ತುಪರಿಸ್ಥಿತಿಯಲ್ಲಿ ಅದು ದೇಶದ ಎಷ್ಟೋ ಕಡೆ ಬಡವರ ಮೈಮೇಲೇ ಬಂತು. ಗುರಿ ಮುಟ್ಟಿಸಲು ಎಳೆದುಕೊಂಡು ಹೋದದ್ದು ಕೂಲಿನಾಲಿ ಮಾಡುವವರನ್ನು. ಬಂಗಲೆಯ ಗೇಟು ತಟ್ಟಿದ ಅಧಿಕಾರಿ ಯಾವನೂ ಇರಲಿಲ್ಲ. ‘ಕ್ರೌಡ್ ಕಂಟ್ರೋಲು’ ಅಂದರೆ ಲಾಠಿ. ‘ಕಂಟ್ರೋಲ್ ರೂಮು’ ಅಂದರೆ ನಮ್ಮ ಫೋನಿಗೆ ಉತ್ತರ ಕೊಡದ ಕೋಣೆ. ಹೆಂಡತಿ ಎದುರು ಮಾತಾಡಿದರೆ ‘ಅವಳು ಕಂಟ್ರೋಲಿನಲ್ಲಿಲ್ಲ’. ಹಟ್ಟಿಯ ಹುಡುಗ ಹೊಸ ಪ್ಯಾಂಟು ಹಾಕಿ, ಮೀಸೆ ತಿರುವಿ ಊರ ಬೀದಿಯಲ್ಲಿ ಬೈಕು ಓಡಿಸಿದರೆ ‘ಇವರು ಕಂಟ್ರೋಲು ತಪ್ಪಿದ್ದಾರೆ’. ಮೀಸೆಗೂ ಒಂದು ಅಳತೆ ಉಂಟು ಅಂತ ನಮಗೆ ತಿಳಿಯುವುದು ಒದೆ ಬಿದ್ದ ಮೇಲೆ.

ಇಂಗ್ಲಿಷನ್ನು ಬೈದು ಕೈ ತೊಳೆದುಕೊಂಡರೆ ಸಾಲದು. ನಮ್ಮ ಕನ್ನಡ ಏನು ಕಮ್ಮಿಯೆ? ‘ಅಂಕೆ’ ಅನ್ನೋ ಮಾತು ನೋಡಿ. ಅಂಕೆ ಅಂದರೆ ಎಣಿಸುವ ಸಂಖ್ಯೆ. ಅಂಕೆ ಅಂದರೆ ಹಿಡಿತವೂ ಹೌದು. ಎಣಿಕೆ ಯಾರ ಕೈಲಿದೆಯೋ ಹಿಡಿತವೂ ಅವರ ಕೈಲಿ ಅಂತ ಭಾಷೆಯೇ ಬಾಯಿಬಿಟ್ಟು ಹೇಳುತ್ತಿದೆ. ‘ಅಂಕೆ ಇಲ್ಲದ ಕಪಿ ಲಂಕೆ ಸುಟ್ಟಿತು’ ಅಂತ ಗಾದೆ ಬೇರೆ. ಲಂಕೆ ಸುಟ್ಟ ಕಪಿಗೆ ಊರೂರಲ್ಲಿ ಗುಡಿ ಕಟ್ಟಿದವರೇ ನಮ್ಮ ಹುಡುಗರನ್ನು ಅಂಕೆ ಇಲ್ಲದ ಕಪಿಗಳು ಅಂತ ಬೈಯುತ್ತಾರೆ!

‘ಹದ್ದುಬಸ್ತು’ ನೋಡಿ. ಜಮೀನಿನ ಗಡಿ ಗುರುತು ಮಾಡಿಕೊಡಿ ಅಂತ ಸರ್ವೆ ಆಫೀಸಿಗೆ ಹಾಕುವುದು ಹದ್ದುಬಸ್ತು ಅರ್ಜಿ. ಹೆಂಗಸರನ್ನು, ಮಕ್ಕಳನ್ನು, ಆಳುಗಳನ್ನು ಇಡಬೇಕಾದದ್ದೂ ಹದ್ದುಬಸ್ತಿನಲ್ಲೇ. ‘ಬಂದೋಬಸ್ತು’ ನೋಡಿ. ಪಾರಸಿಯಿಂದ ಬಂದ ಈ ಮಾತನ್ನು ಭೂಕಂದಾಯ ಗೊತ್ತುಮಾಡುವ ಕೆಲಸಕ್ಕೆ ಬಳಸುತ್ತಿದ್ದರು. ಇವತ್ತು ಜಾತ್ರೆಯಲ್ಲಿ ನಾವು ತೇರಿನ ಹಗ್ಗ ಮುಟ್ಟೀವಿ ಅಂತ ಪೊಲೀಸರು ನಿಲ್ಲುವುದಕ್ಕೆ ಬಂದೋಬಸ್ತು ಅನ್ನುತ್ತಾರೆ. ಈ ಮಾತುಗಳ ಬೇರು ಹಿಡಿದು ಎಳೆದರೆ ಒಂದೋ ಭೂಮಿ ಬರುತ್ತದೆ, ಇಲ್ಲ ಲೆಕ್ಕದ ಪುಸ್ತಕ ಬರುತ್ತದೆ. ಭೂಮಿ ಇಲ್ಲದವನಿಗೆ, ಪುಸ್ತಕ ಮುಟ್ಟಲು ಬಿಡದವನಿಗೆ ಇವೆಲ್ಲ ಹಗ್ಗಗಳೇ.

*

ಕನ್ನಡದ ಮಾತುಗಳು ಹೀಗಾದರೆ ಇಂಗ್ಲಿಷಿನದು ಹೇಗೆ ಅಂತ ನಾವು ನಿಘಂಟು ಬಿಚ್ಚಿದೆವು. ಅಲ್ಲಿ ಒಂದು ಸಂಗತಿ ಸಿಕ್ಕಿತು. ಅದನ್ನು ಓದಿದ ಮೇಲೆ ಜೀಪಿನಿಂದ ಇಳಿಯುವ ಸಾಹೇಬರ ಮಾತನ್ನು ನಮಗೆ ಮೊದಲಿನ ಹಾಗೆ ಕೇಳಲು ಆಗುತ್ತಿಲ್ಲ.

‘ಕಂಟ್ರೋಲ್’ ಹುಟ್ಟಿದ್ದು ಮಧ್ಯಯುಗದ ಲ್ಯಾಟಿನ್ನಿನ ‘ಕಾಂಟ್ರಾರೋಟುಲಸ್’ ಅನ್ನೋ ಪದದಿಂದ. ‘ಕಾಂಟ್ರಾ’ ಅಂದರೆ ಎದುರು. ‘ರೋಟುಲಸ್’ ಅಂದರೆ ಸುರುಳಿ. ಆ ಕಾಲದಲ್ಲಿ ಫ್ರಾನ್ಸು, ಇಂಗ್ಲೆಂಡುಗಳ ಅರಮನೆ ಲೆಕ್ಕಗಳನ್ನು ಚರ್ಮದ ಹಾಳೆಯ ಮೇಲೆ ಬರೆದು ಸುತ್ತಿಡುತ್ತಿದ್ದರು. ಹಣ ಹಿಡಿಯುವವನ ಬಳಿ ಒಂದು ಸುರುಳಿ. ಅವನು ತಿಂದುಹಾಕದ ಹಾಗೆ ಅದೇ ಲೆಕ್ಕವನ್ನು ಇನ್ನೊಬ್ಬ ಬೇರೆಯಾಗಿ ಬರೆದಿಡುತ್ತಿದ್ದ. ಅದು ಎದುರು ಸುರುಳಿ. ಲೆಕ್ಕ ಒಪ್ಪಿಸುವ ದಿನ ಎರಡನ್ನೂ ಬಿಚ್ಚಿ ತಾಳೆ ನೋಡುವುದು. ಈ ತಾಳೆ ನೋಡುವ ಕೆಲಸಕ್ಕೇ ಕಂಟ್ರೋಲು ಅಂತ ಹೆಸರು.

ಇಂಗ್ಲಿಷ್ ಎಂ.ಎ. ಮಾಡಿದವರಿಗೆಲ್ಲ ಚಾಸರ್ ಗೊತ್ತು. ಇಂಗ್ಲಿಷ್ ಕಾವ್ಯದ ಹಿರಿಯ ಅಂತ ಮೇಷ್ಟ್ರುಗಳು ಪಾಠ ಹೇಳುತ್ತಾರೆ. ಅವನ ಹೊಟ್ಟೆಪಾಡಿನ ಕೆಲಸ ಏನಿತ್ತು ಅಂತ ನಮಗೆ ಯಾರೂ ಹೇಳಿರಲಿಲ್ಲ. 1374ರಲ್ಲಿ ಅವನನ್ನು ಲಂಡನ್ ಬಂದರಿನ ಉಣ್ಣೆ ಮತ್ತು ತೊಗಲಿನ ಸುಂಕಕ್ಕೆ ‘ಕಂಟ್ರೋಲರ್’ ಆಗಿ ನೇಮಿಸಿದರು. ಸುಂಕ ವಸೂಲಿ ಮಾಡುತ್ತಿದ್ದವರು ನಗರದ ದೊಡ್ಡ ದೊಡ್ಡ ವರ್ತಕರು. ಅವರ ಲೆಕ್ಕಕ್ಕೆ ಎದುರು ಲೆಕ್ಕ ಇಡುವುದು ಈ ಕವಿಯ ಕೆಲಸ. ಆ ಸುರುಳಿಯನ್ನು ತನ್ನ ಸ್ವಂತ ಕೈಯಿಂದಲೇ ಬರೆಯಬೇಕು ಅಂತ ನೇಮಕದಲ್ಲೇ ಕಟ್ಟಪ್ಪಣೆ. ಹನ್ನೆರಡು ವರ್ಷ, 1386ರವರೆಗೆ, ಅವನು ಆ ಕೆಲಸದಲ್ಲಿದ್ದ.

ಅದೇನೂ ಧರ್ಮರಾಜ್ಯ ಆಗಿರಲಿಲ್ಲ. ಎದುರು ಸುರುಳಿ ಇಟ್ಟದ್ದು ರಾಜನ ಬೊಕ್ಕಸ ಕಾಯುವುದಕ್ಕೆ. ಉಣ್ಣೆ ಕತ್ತರಿಸಿದವನ ಕೂಲಿ ಯಾವ ಸುರುಳಿಯಲ್ಲೂ ಇರಲಿಲ್ಲ. ಬರೆಯುವ ಹಾಳೆಗಾಗಿ ಚರ್ಮ ಕೆರೆದು ನಯ ಮಾಡಿದವನ ಹೆಸರೂ ಇರಲಿಲ್ಲ. ತೊಗಲು ಹದ ಮಾಡಿದವರ ಮಕ್ಕಳಾದ ನಮಗೆ ಇದು ಯಾರೂ ಹೇಳಿಕೊಡಬೇಕಾದ್ದಲ್ಲ. ಆದರೂ ಮಾತಿನ ಅರ್ಥ ಮಾತ್ರ ಅಲ್ಲಿ ಸ್ಪಷ್ಟವಾಗಿದೆ. ಕಂಟ್ರೋಲು ಅಂದರೆ ಬಲ್ಲಿದನ ಪುಸ್ತಕದ ಎದುರಿಗೆ ಹಿಡಿದ ಇನ್ನೊಂದು ಪುಸ್ತಕ. ಪುಸ್ತಕ ಒಂದೇ ಇದ್ದು, ಅದೂ ಧಣಿಯ ಕೈಯಲ್ಲೇ ಇದ್ದರೆ, ಅಲ್ಲಿ ಕಂಟ್ರೋಲು ಇಲ್ಲವೇ ಇಲ್ಲ. ಅಲ್ಲಿರುವುದು ಬರೀ ಯಜಮಾನಿಕೆ.

ನಮ್ಮ ನಾಡಿನಲ್ಲಿ ಈ ಹಳೆಯ ಅರ್ಥವನ್ನು ಉಳಿಸಿಕೊಂಡು ಬಂದವನು ಬಸ್ ಸ್ಟ್ಯಾಂಡಿನ ಕಂಟ್ರೋಲರು. ಕಂಡಕ್ಟರು ತನ್ನ ಕಾಗದ ಹಿಡಿದು ಅವನ ಕಿಟಕಿಗೆ ಹೋಗುತ್ತಾನೆ, ಅವನು ತನ್ನ ಪುಸ್ತಕದಲ್ಲಿ ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆದುಕೊಳ್ಳುತ್ತಾನೆ. ಒಂದು ಬಸ್ಸಿಗೆ ಎರಡು ಲೆಕ್ಕ ಇದೆ ಸ್ವಾಮಿ. ಒಬ್ಬ ಮನುಷ್ಯನ ಬದುಕಿಗೆ ಬೇಡವೆ?

*

ನಮ್ಮಲ್ಲೊಬ್ಬನ ಅಜ್ಜಿಯ ಸಂಗತಿ ಹೇಳುತ್ತೇವೆ. ಹೆಸರು ಬೇಡ. ಇಂಥ ಅಜ್ಜಿ ಹಟ್ಟಿಗೊಬ್ಬಳು ಇದ್ದಳು.

ಮಗಳ ಮದುವೆಗೆ ಅಂತ ಅಜ್ಜಿಯ ಗಂಡ ಊರ ಧಣಿಯ ಹತ್ತಿರ ಸಾಲ ಮಾಡಿದ. ಹಿರೀಮಗನನ್ನು ಜೀತಕ್ಕೆ ಬಿಟ್ಟ. ಯುಗಾದಿಯಿಂದ ಯುಗಾದಿಗೆ ಜೀತದ ವರ್ಷ. ಹಬ್ಬ ಕಳೆದ ಮೇಲೆ ಧಣಿ ಜಗುಲಿಯ ಮೇಲೆ ಕೂತು, ಕೆಂಪು ಬಟ್ಟೆ ಸುತ್ತಿದ ಪುಸ್ತಕ ಬಿಚ್ಚಿ, ಬಡ್ಡಿ ಇಷ್ಟು, ಕೊಟ್ಟ ರಾಗಿ ಇಷ್ಟು, ಜ್ವರ ಬಂದು ಮಲಗಿದ ದಿನ ಇಷ್ಟು ಅಂತ ಓದುತ್ತಿದ್ದ. ಅಂಗಳದಲ್ಲಿ ಕೈಕಟ್ಟಿ ನಿಂತ ಅಪ್ಪ ಮಗ ತಲೆ ಆಡಿಸುತ್ತಿದ್ದರು. ಅಸಲು ಒಂದು ಕಾಸೂ ಕರಗುತ್ತಿರಲಿಲ್ಲ.

ಅಜ್ಜಿಗೆ ಓದು ಬರಹ ಇಲ್ಲ. ಆದರೆ ಲೆಕ್ಕ ಇತ್ತು. ಒಲೆ ಪಕ್ಕದ ಗೋಡೆ ಮೇಲೆ ಇದ್ದಲಿನಲ್ಲಿ ಗೀಟು ಎಳೆಯುತ್ತಿದ್ದಳು. ಮಗ ಕೆಲಸಕ್ಕೆ ಹೋದ ದಿನಕ್ಕೆ ಒಂದು ಗೀಟು. ಧಣಿ ಮನೆಯಿಂದ ರಾಗಿ ತಂದರೆ ಕೊಳಗಕ್ಕೊಂದು ಚುಕ್ಕಿ. ಯುಗಾದಿಗೆ ಮನೆಗೆಲ್ಲ ಸುಣ್ಣ ಬಳಿದರೂ ಆ ಒಂದು ಮೂಲೆಯನ್ನು ಬಿಡುತ್ತಿದ್ದಳು. ಬೆಳ್ಳಗಿನ ಮನೆಯಲ್ಲಿ ಅದೊಂದು ಕರೀ ಪಟ್ಟೆ. ಮಕ್ಕಳು ಕೈ ಹಾಕಿದರೆ ಬೆನ್ನ ಮೇಲೆ ಏಟು.

ಒಂದು ಯುಗಾದಿ ಅಜ್ಜಿಯೇ ಧಣಿಯ ಅಂಗಳಕ್ಕೆ ಹೋದಳು.

‘ಬುದ್ಧಿ, ನನ್ನ ಲೆಕ್ಕದಾಗೆ ಸಾಲ ತೀರೈತೆ. ಹುಡುಗನ್ನ ಬುಟ್ಟುಬುಡಿ.’

‘ನಿಂದ್ಯಾವ ಲೆಕ್ಕವೇ? ಎಲ್ಲೈತೆ, ತೋರ್ಸು.’

‘ನಮ್ಮ ಗ್ವಾಡೆ ಮ್ಯಾಗೈತೆ ಬುದ್ಧಿ. ಬಂದು ನೋಡಿ.’

ಜಗುಲಿ ಮೇಲಿದ್ದವರೆಲ್ಲ ನಕ್ಕರು. ಧಣಿ ಹಟ್ಟಿಗೆ ಹೇಗೆ ಬಂದಾನು? ಬಂದರೆ ಮೈಲಿಗೆ. ಗೋಡೆಯನ್ನು ಧಣಿಯ ಜಗುಲಿಗೆ ಹೇಗೆ ಹೊತ್ತಾಳು? ಅವನ ಪುಸ್ತಕವನ್ನು ಇವಳು ಮುಟ್ಟುವ ಹಾಗಿಲ್ಲ, ಇವಳ ಪುಸ್ತಕ ಇರುವ ಜಾಗಕ್ಕೆ ಅವನು ಕಾಲಿಡುವ ಹಾಗಿಲ್ಲ. ಎರಡು ಲೆಕ್ಕ ಒಂದು ಕಡೆ ಸೇರದ ಹಾಗೆ ನೋಡಿಕೊಂಡದ್ದೇ ಅಸ್ಪೃಶ್ಯತೆ. ನೀರು, ಬಾವಿ, ಗುಡಿ ಅಂತ ನಾವು ಎಷ್ಟೋ ಮಾತಾಡಿದ್ದೇವೆ, ಬರೆದಿದ್ದೇವೆ. ಮೈಲಿಗೆ ಲೆಕ್ಕದ ಪುಸ್ತಕವನ್ನೂ ಕಾಯುತ್ತಿತ್ತು ಅನ್ನುವುದನ್ನು ಆ ಅಜ್ಜಿ ನಮಗೆ ಕಲಿಸಿದಳು.

ಧಣಿ ಕೊನೆಗೆ ಹೇಳಿದ್ದು ಒಂದೇ ಮಾತು: ‘ನಾಲಿಗೆ ಹದ್ದುಬಸ್ತಿನಾಗಿರ್ಲಿ.’ ಆ ವರ್ಷದ ಮಳೆಗೆ ಅಜ್ಜಿಯ ಗೋಡೆ ಕುಸಿಯಿತು. ಧಣಿಯ ಪುಸ್ತಕ ಕಲ್ಲು ಕಟ್ಟಡದ ಪೆಟ್ಟಿಗೆಯಲ್ಲಿ ಬೆಚ್ಚಗಿತ್ತು.

*

ಇದು ಒಂದು ಊರಿನ ಧಣಿಯ ಪುಸ್ತಕ. ಇಡೀ ಸರ್ಕಾರವೇ ಇಂಥ ಪುಸ್ತಕ ಇಟ್ಟದ್ದೂ ಉಂಟು. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಕುಲಕ್ಕೆ ಕುಲವನ್ನೇ ಕಳ್ಳರು ಅಂತ ರಿಜಿಸ್ಟರಿನಲ್ಲಿ ಬರೆದರು. ಮುಂದೆ ಆ ಕಾಯ್ದೆ ದಕ್ಷಿಣಕ್ಕೂ ಬಂತು. ಕೊರಮ, ಕೊರಚ, ಗಂಟಿಚೋರ, ಹರಣಶಿಕಾರಿ ಮೊದಲಾದವರು ಆ ಪುಸ್ತಕಕ್ಕೆ ಸಿಕ್ಕಿಬಿದ್ದರು. ಹುಬ್ಬಳ್ಳಿ, ಗದಗದಲ್ಲಿ ಇವತ್ತಿಗೂ ‘ಸೆಟ್ಲಮೆಂಟ್’ ಅಂತ ಕರೆಯುವ ಓಣಿಗಳಿವೆ. ತಂತಿಬೇಲಿಯೊಳಗೆ ಇಟ್ಟು ಹಾಜರಿ ಕೂಗುತ್ತಿದ್ದರು. ಕೂಗಿದಾಗ ‘ಇದ್ದೇನೆ’ ಅನ್ನಬೇಕು. ಅನ್ನದಿದ್ದರೆ ಜೈಲು. ಹೊಟ್ಟೆಯೊಳಗಿನ ಕೂಸೂ ಕಳ್ಳ ಅಂತ ಬರೆದಿಟ್ಟವರು ತಮ್ಮ ದರೋಡೆಯನ್ನು ಎಲ್ಲೂ ಬರೆದುಕೊಳ್ಳಲಿಲ್ಲ!

1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ಹೋಯಿತು. ಹೋದದ್ದು ಕಾಯ್ದೆ. ಪುಸ್ತಕ ಎಲ್ಲಿ ಹೋಯ್ತು? ಪೊಲೀಸ್ ಠಾಣೆಯಲ್ಲಿ ಅದಕ್ಕೆ ಬೇರೆ ಬೇರೆ ಹೆಸರು ಬಂತು. ಇವತ್ತಿಗೂ ಊರಲ್ಲಿ ಕಳವಾದರೆ ಜೀಪು ಮೊದಲು ತಿರುಗುವುದು ಅದೇ ಓಣಿಗೆ. ಅಲ್ಲಿಯವರಿಗೆ ‘ಅಂಡರ್ ಕಂಟ್ರೋಲ್’ ಅನ್ನೋದಕ್ಕೆ ನಿಘಂಟು ಬೇಡ. ಬೆನ್ನ ಮೇಲಿನ ಬಾಸುಂಡೆ ಸಾಕು.

*

ಎದುರು ಪುಸ್ತಕದ ಬೆಲೆ ಏನು ಅಂತ ಚೆನ್ನಾಗಿ ಗೊತ್ತಿದ್ದವರು ಬಾಬಾಸಾಹೇಬರು. ಅವರು ಅರ್ಥಶಾಸ್ತ್ರ ಓದಿದವರು, ಹಣದ ದಾರಿ ಬಲ್ಲವರು. ಸಂವಿಧಾನದ 148ನೇ ವಿಧಿಯಲ್ಲಿ ಸರ್ಕಾರದ ಲೆಕ್ಕ ತಪಾಸಣೆಗೆ ಒಬ್ಬ ಅಧಿಕಾರಿಯನ್ನು ಇಟ್ಟಿದ್ದಾರಲ್ಲ, ಇಂಗ್ಲಿಷಿನಲ್ಲಿ ಅವನ ಹೆಸರೇ ‘ಕಂಪ್ಟ್ರೋಲರ್ ಅಂಡ್ ಆಡಿಟರ್ ಜನರಲ್’. ಅದು ಇದೇ ಕಂಟ್ರೋಲರು, ಕಾಗುಣಿತ ಮಾತ್ರ ಬೇರೆ. 1949ರ ಮೇ 30ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು, ಇಡೀ ಸಂವಿಧಾನದಲ್ಲಿ ಬಹುಶಃ ಎಲ್ಲರಿಗಿಂತ ಮುಖ್ಯವಾದ ಅಧಿಕಾರಿ ಈತನೇ ಅಂತ ಹೇಳಿದರು. ಪ್ರಧಾನಿ ಅಲ್ಲ, ಸೇನಾಪತಿ ಅಲ್ಲ. ಆಳುವವರ ಪುಸ್ತಕದ ಎದುರಿಗೆ ಇನ್ನೊಂದು ಪುಸ್ತಕ ಹಿಡಿಯುವವನು.

1975ರ ಅಕ್ಟೋಬರಿನಲ್ಲಿ ಜೀತ ರದ್ದಾಯಿತು. 1976ರಲ್ಲಿ ಕಾಯ್ದೆಯಾಯಿತು. ಅದರ 6ನೇ ಸೆಕ್ಷನ್ನು ಜೀತದ ಸಾಲವನ್ನೆಲ್ಲ ಅಳಿಸಿಹಾಕಿತು. 15ನೇ ಸೆಕ್ಷನ್ನನ್ನು ನಮ್ಮ ಹುಡುಗರು ಬಾಯಿಪಾಠ ಮಾಡಬೇಕು. ಇದು ಜೀತದ ಸಾಲ ಅಂತ ಆಳು ಹೇಳಿದರೆ ಸಾಕು. ಅಲ್ಲ ಅಂತ ಸಾಬೀತು ಮಾಡುವ ಹೊರೆ ಸಾಲ ಕೊಟ್ಟವನ ಮೇಲೆ. ನಮ್ಮ ಅಜ್ಜಿ ಗೋಡೆ ಹೊತ್ತು ತರಬೇಕಾಗಿರಲಿಲ್ಲ ಗೆಳೆಯರೆ, ಧಣಿಯೇ ಪುಸ್ತಕ ಹೊತ್ತು ಬರಬೇಕಿತ್ತು! ಆ ಕಾಯ್ದೆಯ ಸುದ್ದಿ ಆ ಹಟ್ಟಿಗೆ ಮುಟ್ಟುವ ಹೊತ್ತಿಗೆ ಅಜ್ಜಿ ಮಣ್ಣಾಗಿದ್ದಳು.

13ನೇ ಸೆಕ್ಷನ್ನಿನಲ್ಲಿ ಜಾಗೃತಿ ಸಮಿತಿ ಇದೆ. ಜಿಲ್ಲೆಗೊಂದು, ಉಪವಿಭಾಗಕ್ಕೊಂದು. ಪರಿಶಿಷ್ಟ ಜಾತಿ ಪಂಗಡದ ಮೂವರು ಅದರಲ್ಲಿ ಇರಲೇಬೇಕು. ಹೆಸರೇ ಹೇಳುವ ಹಾಗೆ ಅದು ಎಚ್ಚರವಾಗಿದ್ದು ಎದುರು ಲೆಕ್ಕ ಇಡಬೇಕು. ಎಷ್ಟೋ ಕಡೆ ಅದು ನಿದ್ದೆ ಮಾಡುತ್ತದೆ. ಎದ್ದರೂ ‘ನಮ್ಮಲ್ಲಿ ಜೀತ ಇಲ್ಲ’ ಅಂತ ಒಂದು ಸಾಲು ಬರೆದು, ಟೀ ಕುಡಿದು ಮತ್ತೆ ಮಲಗುತ್ತದೆ. ಅಲ್ಲೂ ಪರಿಸ್ಥಿತಿ ಹತೋಟಿಯಲ್ಲಿದೆ. ಇತ್ತ ಇಟ್ಟಿಗೆ ಗೂಡಿನಲ್ಲಿ, ಕಬ್ಬಿನ ಗದ್ದೆಯಲ್ಲಿ, ಕಲ್ಲುಕ್ವಾರಿಯಲ್ಲಿ ಜೀತಕ್ಕೆ ‘ಮು೦ಗಡ’ ಅಂತ ಹೊಸ ಹೆಸರು. ಪುಸ್ತಕ ಮೇಸ್ತ್ರಿಯ ಜೇಬಿನಲ್ಲಿ.

ದೌರ್ಜನ್ಯ ತಡೆ ಕಾಯ್ದೆ 1989ರದು, ಅದರ ನಿಯಮಗಳು 1995ರವು. ದೂರು ಕೊಟ್ಟವರಿಗೆ ದಾಖಲಾದ ಮಾಹಿತಿಯ ಪ್ರತಿಯನ್ನು ಕೂಡಲೇ, ಪುಕ್ಕಟೆಯಾಗಿ ಕೊಡಬೇಕು ಅಂತ 5ನೇ ನಿಯಮ ಹೇಳುತ್ತದೆ. ಆ ಒಂದು ಹಾಳೆಯೇ ನಮ್ಮ ಎದುರು ಸುರುಳಿ. ಅದನ್ನು ಕೇಳಿ ಎಷ್ಟು ಹೊತ್ತು ಠಾಣೆಯ ಬೆಂಚಿನ ಮೇಲೆ ಕೂತಿದ್ದೇವೆ ಅನ್ನುವುದು ನಮಗೇ ಗೊತ್ತು. ಊರಿನವರು ಅಷ್ಟರಲ್ಲಿ ಬುದ್ಧಿ ಕಲಿತರು. ನಾವು ಒಂದು ಕೇಸು ಕೊಟ್ಟರೆ ಸಾಯಂಕಾಲದೊಳಗೆ ನಮ್ಮ ಮೇಲೆ ಒಂದು ‘ಕೌಂಟರ್ ಕೇಸು’. ಆ ‘ಕೌಂಟರ್’ ಕೂಡ ಅದೇ ‘ಕಾಂಟ್ರಾ’ದಿಂದ ಬಂದದ್ದು. ಎದುರು ಲೆಕ್ಕದ ಶಕ್ತಿ ಏನು ಅಂತ ನಮಗಿಂತ ಮೊದಲು ಅವರಿಗೆ ತಿಳಿದಿದೆ.

ಆದರೂ ಒಮ್ಮೊಮ್ಮೆ ನಮ್ಮ ಹಾಳೆ ಉಳಿಯುತ್ತದೆ. 2014ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಇಟ್ಟರು. ಹತ್ತು ವರ್ಷ ಆ ಕೇಸು ಸಾಯದೆ ಉಳಿಯಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮರುತಿಂಗಳೇ ಹೈಕೋರ್ಟು ಅವರಲ್ಲಿ ಬಹುತೇಕರಿಗೆ ಜಾಮೀನು ಕೊಟ್ಟಿತು, ಅದೂ ಲೆಕ್ಕದಲ್ಲಿರಲಿ. ಆದರೆ ಕಂಬಾಲಪಲ್ಲಿಯ ಹಾಗೆ ‘ಯಾರೂ ಸುಡಲಿಲ್ಲ’ ಅಂತ ಆ ಕೋರ್ಟಿನ ಪುಸ್ತಕದಲ್ಲಿ ಬರೆಯಲು ಆಗಲಿಲ್ಲ.

ಇನ್ನು ನಮ್ಮ ಹೆಸರಿನಲ್ಲಿ ಬರುವ ದುಡ್ಡು. ಪರಿಶಿಷ್ಟರ ಉಪಯೋಜನೆಯ ಹಣಕ್ಕೆ ಕರ್ನಾಟಕದಲ್ಲಿ 2013ರಲ್ಲೇ ಕಾಯ್ದೆ ಬಂತು. ಅದರಲ್ಲೇ ‘7ಡಿ’ ಅಂತ ಒಂದು ಕಂಡಿ ಬಿಟ್ಟಿದ್ದರು. ಎಲ್ಲರಿಗೂ ಆಗುವ ಕೆಲಸಕ್ಕೂ ಆ ಕಂಡಿಯಿಂದ ನಮ್ಮ ಹಣ ಹರಿಯುತ್ತಿತ್ತು. ಹತ್ತು ವರ್ಷ ಕೂಗಿದ ಮೇಲೆ 2023ರಲ್ಲಿ ಅದನ್ನು ಮುಚ್ಚಿದರು. ಅದೇ 2023–24ರ ಲೆಕ್ಕದಲ್ಲಿ 11,000 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಗ್ಯಾರಂಟಿ ಯೋಜನೆಗಳಿಗೆ ಬರೆದರು. ಅದರ ಫಲ ಉಣ್ಣುವವರೂ ದಲಿತರೇ ಅಂತ ಸರ್ಕಾರದ ಸಮಜಾಯಿಷಿ. ಇರಬಹುದು ಸ್ವಾಮಿ. ಯಾವ ಹಟ್ಟಿಯಲ್ಲಿ, ಎಷ್ಟು ಮನೆಗೆ, ಎಷ್ಟು ರೂಪಾಯಿ? ಧಣಿಯೂ ಹೀಗೇ ಓದುತ್ತಿದ್ದ. ರಾಗಿ ನಿನಗೇ ಕೊಟ್ಟೆನಲ್ಲೋ ಅನ್ನುತ್ತಿದ್ದ.

*

ನಾವು ಇಷ್ಟು ಹೇಳಿದ ಕೂಡಲೆ ಸಂಭಾವಿತರು ಬರುತ್ತಾರೆ. ‘ಮಾತು ಹಿಡಿತದಲ್ಲಿರಲಿ, ಸಿಟ್ಟು ಕಂಟ್ರೋಲಿನಲ್ಲಿರಲಿ’ ಅಂತ ಉಪದೇಶ ಮಾಡುತ್ತಾರೆ. ಸಂಯಮ ಅಂತಾರೆ, ಸಭ್ಯತೆ ಅಂತಾರೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಅದು ದನದ ಕೊಟ್ಟಿಗೆಯ ಮಾತು. ಕೊಟ್ಟಿಗೆ ಗುಡಿಸಿದವರಿಗೆ ಅದರ ಅರ್ಥ ಗೊತ್ತು. ಎಷ್ಟು ಗಲಾಟೆ ಆಯಿತು! ದಲಿತ ಹುಡುಗರಿಗೆ ಹಾಸ್ಟೆಲುಗಳಲ್ಲಿ ಏಟು ಬಿತ್ತು, ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಒಂದು ಪದ ಆಡಿದ್ದಕ್ಕೆ ಅಷ್ಟು ದಂಡ. ಹೊಡೆದವರ ಕೈ ಹಿಡಿತದಲ್ಲಿರಲಿ ಅಂತ ಈ ಉಪದೇಶದವರು ಎಲ್ಲಿ ಹೇಳಿದರು? ಅವರ ಕಂಟ್ರೋಲು ಯಾವತ್ತೂ ಇಳಿಜಾರಿಗೇ ಹರಿಯುವ ನೀರು. ಮೇಲಕ್ಕೆ ಹತ್ತುವುದಿಲ್ಲ.

ನಮ್ಮ ಗಂಡಸರಿಗೂ ಒಂದು ಮಾತು ಇದೆ. ಹೇಳದೆ ಹೋದರೆ ನಾವು ಬರೆದದ್ದೆಲ್ಲ ಸುಳ್ಳು. ಜಯಂತಿಯ ದಿನ ವೇದಿಕೆ ಹತ್ತಿ ಸಮಾನತೆ ಅನ್ನುತ್ತೇವೆ. ಮನೆಗೆ ಹೋಗಿ ಹೆಂಡತಿಯ ಕೂಲಿ ದುಡ್ಡು ಕಿತ್ತುಕೊಂಡು, ‘ಲೆಕ್ಕ ಕೇಳ್ತೀಯೇನೇ?’ ಅಂತ ಕೈ ಎತ್ತುತ್ತೇವೆ. ಜಗುಲಿಯ ಮೇಲೆ ಧಣಿ ಆಡಿದ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಅಜ್ಜಿ ಗೀಟು ಎಳೆಯುತ್ತಿದ್ದಾಗ ಅವಳ ಗಂಡ ಏನು ಮಾಡುತ್ತಿದ್ದ ಅಂತ ನಮ್ಮ ಗೆಳೆಯನನ್ನು ಕೇಳಿದೆವು. ‘ಹೆಂಗಸ್ರಿಗ್ಯಾಕೆ ಲೆಕ್ಕ ಅಂತ ಬಯ್ತಿದ್ನಂತೆ’ ಅಂದ. ನಮ್ಮ ಸಂಘಗಳ ಚಂದಾ ಪುಸ್ತಕ ಎಲ್ಲಿದೆ? ಯಾರು ಬರೆಯುತ್ತಾರೆ? ಎದುರು ಪುಸ್ತಕ ಇದೆಯೆ? ಸಂಘಟನೆಗಳು ಒಡೆದು ಚೂರಾದಾಗ ಸಿದ್ಧಾಂತದ ಹೆಸರು ಹೇಳಿದೆವು. ಲೆಕ್ಕದ ಮಾತು ಬಚ್ಚಿಟ್ಟೆವು. ಊರಿನವರ ಪುಸ್ತಕ ಕೇಳುವ ಮೊದಲು ನಮ್ಮದನ್ನು ನಡುಬೀದಿಯಲ್ಲಿ ಬಿಚ್ಚಿ ಇಡುವ ಧೈರ್ಯ ಬೇಕು.

*

ಆದ್ದರಿಂದ ಈ ಪದವನ್ನು ನಾವು ಬಿಡುವುದಿಲ್ಲ. ಕಸಿದುಕೊಳ್ಳುತ್ತೇವೆ. ಇನ್ನು ಮೇಲೆ ಯಾವನಾದರೂ ‘ಎಲ್ಲಾ ಕಂಟ್ರೋಲಿನಲ್ಲಿದೆ’ ಅಂದರೆ ನಾವು ಕೇಳುವುದು ಒಂದೇ: ಎರಡನೆಯ ಪುಸ್ತಕ ಎಲ್ಲಿ ಸ್ವಾಮಿ?

ಕೂಲಿಗೆ ಹೋದ ದಿನ ಬರೆದಿಡಿ. ಮೇಸ್ತ್ರಿ ಕೊಟ್ಟ ಮುಂಗಡ, ಹಿಡಿದುಕೊಂಡ ಕೂಲಿ ಬರೆದಿಡಿ. ಠಾಣೆಗೆ ಹೋದ ತಾರೀಖು, ಕಾಯಿಸಿದ ಹೊತ್ತು, ದೂರು ತೆಗೆದುಕೊಳ್ಳದೆ ಅಟ್ಟಿದವನ ಹುದ್ದೆ ಬರೆದಿಡಿ. ಗ್ರಾಮಸಭೆಯಲ್ಲಿ ಹಟ್ಟಿಯ ಕಾಮಗಾರಿ ಓದಿದರೆ, ಯಾವ ಚರಂಡಿ, ಯಾವ ರಸ್ತೆ ಅಂತ ಎದ್ದು ಕೇಳಿ, ನಡೆದುಕೊಂಡು ಹೋಗಿ ನೋಡಿ. 2005ರ ಉದ್ಯೋಗ ಖಾತ್ರಿ ಕಾಯ್ದೆ ಊರ ಮುಂದೆ ಲೆಕ್ಕ ಓದಿಸುವ ಪದ್ಧತಿ ತಂದಾಗ ಎಷ್ಟೋ ಕಡೆ ಸತ್ತವರ ಹೆಸರಿನಲ್ಲಿ ಕೂಲಿ ಬರೆದದ್ದು ಹೊರಗೆ ಬಂತು. ಓದಿದ್ದಷ್ಟೇ, ಕತ್ತಿ ಹಿರಿಯಲಿಲ್ಲ. ಅಷ್ಟಕ್ಕೇ ಎಷ್ಟು ಜನ ಬೆವತರು! ಓದು ಬಾರದವರು ಗೀಟು ಎಳೆಯಿರಿ. ಈಗ ಗೋಡೆ ಕುಸಿದರೂ ಅದರ ಫೋಟೋ ಹಿಡಿಯಲು ಮನೆಯ ಹುಡುಗನ ಕೈಲಿ ಫೋನಿದೆ.

ಬರೆಯುವ ಗೆಳೆಯರಿಗೆ ಕೊನೆಯ ಮಾತು. ಯಾಕೆ ಬರೆಯಬೇಕು ಅಂತ ಸೆಮಿನಾರುಗಳಲ್ಲಿ ದಿನಗಟ್ಟಲೆ ಕೂತಿದ್ದೇವೆ. ಆರೂವರೆ ನೂರು ವರ್ಷದ ಹಿಂದೆ ಒಬ್ಬ ಕವಿ ಹಗಲೆಲ್ಲ ದೊಡ್ಡವರ ಲೆಕ್ಕಕ್ಕೆ ಎದುರು ಲೆಕ್ಕವನ್ನು ತನ್ನ ಕೈಯಾರೆ ಬರೆಯುತ್ತಿದ್ದ, ಸಂಬಳಕ್ಕಾಗಿ, ರಾಜನಿಗಾಗಿ. ನಮ್ಮ ಅಜ್ಜಿ ಸಂಬಳವಿಲ್ಲದೆ, ಅಕ್ಷರವಿಲ್ಲದೆ, ಮಗನಿಗಾಗಿ ಅದೇ ಕೆಲಸ ಮಾಡಿದಳು. ಅವಳ ಗೋಡೆ ಬಿದ್ದುಹೋಯಿತು. ಅಕ್ಷರ ಕಲಿತ ನಮಗೆ ಅವಳ ಲೆಕ್ಕ ಬಾಕಿ ಇದೆ.

ಬರೆಯಿರಿ. ಸ್ವಂತ ಕೈಯಿಂದ ಬರೆಯಿರಿ. ಅವರ ಪುಸ್ತಕವನ್ನೂ ನಮ್ಮ ಪುಸ್ತಕವನ್ನೂ ಒಂದೇ ಜಗುಲಿಯ ಮೇಲೆ ಪಕ್ಕಪಕ್ಕದಲ್ಲಿ ಬಿಚ್ಚುವ ದಿನ ಬರಲಿ. ಅವತ್ತು ನಾವೂ ಹೇಳುತ್ತೇವೆ, ಪರಿಸ್ಥಿತಿ ಹತೋಟಿಯಲ್ಲಿದೆ ಅಂತ.